‘ಎತ್ತರದಿಂದ 100 ಕಳೆದರೆ ಸರಿಯಾದ ತೂಕ’: ಈ ಲೆಕ್ಕ ಎಲ್ಲರಿಗೂ ಹೊಂದುತ್ತದೆಯೇ?

‘ನಿಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು 100 ಕಳೆಯಿರಿ, ಉಳಿದದ್ದೇ ನಿಮ್ಮ ತೂಕ. ಹೆಚ್ಚಿದ್ದರೆ ಅನ್ನ ಬಿಡಿ, ವಾರದಲ್ಲಿ ಐದು ಕೆ.ಜಿ. ಇಳಿಸಿ.’ ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಗಂಗಾವತಿಯಲ್ಲಿ ಅಂಗಡಿ ಗಲ್ಲೆಯ ಮೇಲೆ ಕುಳಿತವರಿಗೂ, ಯಲಬುರ್ಗಾದ ಹೊಲದಲ್ಲಿ ಕಳೆ ತೆಗೆಯುವವರಿಗೂ ಅದೇ ಸಂದೇಶ. ಆದರೆ ಇಬ್ಬರ ದೇಹವೂ ಒಂದೇ ಅಲ್ಲ.

ಲೆಕ್ಕ ಎಲ್ಲಿ ತಪ್ಪುತ್ತದೆ?

165 ಸೆಂ.ಮೀ. ಎತ್ತರದವರಿಗೆ ಈ ಲೆಕ್ಕದಂತೆ 65 ಕೆ.ಜಿ. ಬರುತ್ತದೆ. ತೂಕವನ್ನು ಎತ್ತರದ (ಮೀಟರಿನಲ್ಲಿ) ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ ಆಗ ಸುಮಾರು 23.9. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಪರಿಗಣಿಸುತ್ತಾರೆ. ಅಂದರೆ ಸಂದೇಶ ‘ಸರಿ’ ಎಂದದ್ದು ಇಲ್ಲಿ ಹೆಚ್ಚೇ.

ಬಿಎಂಐ ಕೂಡ ಪೂರ್ತಿ ಕಥೆ ಹೇಳುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಉದಾಹರಣೆ ಕೊಟ್ಟರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು 9.1%, ಯಾಜ್ಞಿಕ್ ದೇಹದಲ್ಲಿ 21.2%. ತೆಳ್ಳಗೆ ಕಂಡರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ನಮ್ಮಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಗೆ ಅದೇ ದಾರಿ. ಹಾಗಾಗಿ ಸೊಂಟದ ಸುತ್ತಳತೆಯನ್ನೂ ನೋಡಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ ಬೇಕು.

ದುಡಿಮೆಗೆ ತಕ್ಕ ಊಟ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2020ರ ಅಂದಾಜು ನೋಡಿ. 65 ಕೆ.ಜಿ. ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕಿಲೋಕ್ಯಾಲರಿ ಬೇಕು. ಕಷ್ಟದ ದುಡಿಮೆಯವನಾದರೆ 3470. 55 ಕೆ.ಜಿ. ತೂಕದ ಹೆಂಗಸಿಗೆ ಇದೇ ಲೆಕ್ಕ 1660 ಮತ್ತು 2720. ತೂಕ ಒಂದೇ ಇದ್ದರೂ ಬೇಕಾದ ಊಟ ಒಂದೇ ಅಲ್ಲ. ದಿನವಿಡೀ ಭತ್ತದ ನಾಟಿ ಮಾಡುವ ಹೆಣ್ಣುಮಗಳು ಕುಳಿತವರ ಡಯಟ್ ಹಿಡಿದರೆ ಕರಗುವುದು ಬೊಜ್ಜಷ್ಟೇ ಅಲ್ಲ, ಮಾಂಸಖಂಡವೂ ಹೌದು.

ಅನ್ನ ಬಿಟ್ಟು ರೊಟ್ಟಿ ತಿಂದರೆ ಸಾಕೇ?

ತುಂಗಭದ್ರಾ ಕಾಲುವೆಯ ಗಂಗಾವತಿ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದಲ್ಲಿ ಜೋಳ, ಸಜ್ಜೆ ಹೆಚ್ಚು. ಜೋಳದಲ್ಲಿ ನಾರು ಹೆಚ್ಚಿರುವುದರಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಇದು ನಿಜ. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಅಕ್ಕಿ, ಜೋಳದ ಕ್ಯಾಲರಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅನ್ನ ತಿನ್ನುವವರು ಅದನ್ನು ಪೂರ್ತಿ ಬಿಡಬೇಕಿಲ್ಲ. ಅನ್ನದ ಪ್ರಮಾಣ ಇಳಿಸಿ ಬೇಳೆ, ಹೆಸರುಕಾಳು, ಪುಂಡಿಪಲ್ಯ, ಮೊಸರು ಹೆಚ್ಚಿಸಿದರೂ ಆಗುತ್ತದೆ. ರೊಟ್ಟಿಯವರು ಎಣ್ಣೆ, ಶೇಂಗಾ ಚಟ್ನಿಯ ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾರಿಗೆ ಅಪಾಯ?

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ದಿಢೀರನೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರ ತೂಕ ಏರಲೇಬೇಕು. ಬೆಳೆಯುವ ಮಕ್ಕಳಿಗೆ ದೊಡ್ಡವರ ಬಿಎಂಐ ಮಿತಿ ಅನ್ವಯಿಸುವುದಿಲ್ಲ. ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳಿಂದಲೂ ತೂಕ ಬದಲಾಗುತ್ತದೆ.

ತೂಕ ಇಳಿಸುವುದು ಅಗತ್ಯವೇ ಆಗಿದ್ದರೆ ವಾರಕ್ಕೆ ಅರ್ಧ ಕೆ.ಜಿ.ಯಂತೆ ನಿಧಾನವಾಗಿ ಇಳಿಸುವುದು ಸುರಕ್ಷಿತ. ವಾರದಲ್ಲಿ ಐದು ಕೆ.ಜಿ. ಇಳಿದರೆ ಅದರಲ್ಲಿ ಹೆಚ್ಚಿನ ಪಾಲು ನೀರು. ಊಟ ಮೊದಲಿನಂತಾದೊಡನೆ ಅದು ಮರಳುತ್ತದೆ.

ಹಾಗಾಗಿ ಇಂಥ ಸಂದೇಶ ಬಂದಾಗ ಯಾರ ವಯಸ್ಸಿಗೆ, ಯಾರ ದುಡಿಮೆಗೆ, ಯಾವ ಕಾಯಿಲೆ ಇರುವವರಿಗೆ ಎಂದು ಅದರಲ್ಲಿ ಹೇಳಿದೆಯೇ ನೋಡಿ. ಹೇಳಿರದಿದ್ದರೆ ಮುಂದಕ್ಕೆ ಕಳಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೂಕ, ಸೊಂಟದ ಅಳತೆ, ಬಿಪಿ, ಸಕ್ಕರೆ ಪರೀಕ್ಷಿಸಿಕೊಂಡು, ನಿಮ್ಮ ಗುರಿ ಎಷ್ಟಿರಬೇಕೆಂದು ಅಲ್ಲಿನ ವೈದ್ಯರನ್ನೇ ಕೇಳಿ.