ಹೊಸ ಪಾತ್ರೆಯನ್ನು ತೊಳೆಯಬಾರದೆ?

ಅಂಗಡಿಯಿಂದ ತಂದ ಹೊಸ ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ತೊಳೆಯದೆ ಒಲೆಯ ಮೇಲಿಡುವ ಗೃಹಿಣಿಯನ್ನು ನಾನು ಕಂಡಿಲ್ಲ. ಹೊಸ ಪಂಚೆಯನ್ನು ಒಂದು ಸಲ ನೀರಿಗೆ ಹಾಕಿ ಗಂಜಿ ಬಿಡಿಸದೆ ಉಡುವವರೂ ಕಡಮೆ. ಬಾಡಿಗೆಯ ಮನೆಗೆ ಹೋಗುವಾಗಲೂ ಹಿಂದಿನವರು ಹೊಡೆದ ಮೊಳೆಗಳನ್ನು ಕಿತ್ತು, ಗೋಡೆಗೆ ಸುಣ್ಣ ಬಳಿಸಿ, ಆಮೇಲೆ ಹಾಲುಕ್ಕಿಸುತ್ತೇವೆ. ಇಷ್ಟು ವಿವೇಕವುಳ್ಳ ನಮ್ಮ ಮಧ್ಯಮವರ್ಗದವರು ಐವತ್ತು ಅರವತ್ತು ಸಾವಿರ ರೂಪಾಯಿ ಎಣಿಸಿ ಲ್ಯಾಪ್‌ಟಾಪ್ ಒಂದನ್ನು ಮನೆಗೆ ತಂದ ದಿನ ಮಾತ್ರ ಆ ವಿವೇಕವನ್ನು ಅಂಗಡಿಯ ಮೆಟ್ಟಿಲ ಮೇಲೆಯೇ ಬಿಟ್ಟು ಬರುತ್ತಾರೆ. ಯಂತ್ರಕ್ಕೆ ಅರಿಸಿನ ಕುಂಕುಮ ಇಡುತ್ತಾರೆ. ಅದರ ಒಳಗೆ ಯಾರು ಯಾರು ಆಗಲೇ ಬಿಡಾರ ಹೂಡಿದ್ದಾರೆಂದು ನೋಡುವುದಿಲ್ಲ.

ಹೊಸ ಲ್ಯಾಪ್‌ಟಾಪನ್ನು ತಂದ ದಿನವೇ, ಅದರಲ್ಲಿ ಒಂದಕ್ಷರ ಬರೆಯುವುದಕ್ಕೆ ಮುಂಚೆ, ಕಂಪೆನಿಯವರು ತುಂಬಿಕೊಟ್ಟ ಆಪರೇಟಿಂಗ್ ಸಿಸ್ಟಮನ್ನು ಪೂರ್ತಿ ಅಳಿಸಿ, ಅದರ ಶುದ್ಧ ಪ್ರತಿಯನ್ನು ಮೂಲದಿಂದಲೇ ತಂದು ಹೊಸದಾಗಿ ಸ್ಥಾಪಿಸಬೇಕೆಂಬುದು ನನ್ನ ವಾದ. ಮೊನ್ನೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತನ್ನಾಡಿದಾಗ ಅರ್ಥಶಾಸ್ತ್ರದ ಮಿತ್ರರು ಬಿದ್ದು ಬಿದ್ದು ನಕ್ಕರು. "ಕನ್ನಡದ ಮೇಷ್ಟ್ರಿಗೆ ಯಂತ್ರದಲ್ಲೂ ಮಡಿ ಮೈಲಿಗೆಯ ಚಿಂತೆ" ಎಂದರು. ಅವರ ನಗುವಿಗೆ ಅಲ್ಲಿ ಉತ್ತರ ಕೊಡಲು ಗಂಟೆ ಹೊಡೆದುಬಿಟ್ಟಿತು. ಇಲ್ಲಿ ಕೊಡುತ್ತೇನೆ.

ಮೊದಲು ನನ್ನ ಅಕ್ಕನ ವಿಷಯ ಹೇಳಬೇಕು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹೊರದೇಶದಲ್ಲಿರುವ ಮೊಮ್ಮಗನ ಮುಖ ನೋಡಬೇಕು, ತನ್ನ ಶಾಲೆಯ ದಿನಗಳನ್ನು ನಾಲ್ಕು ಪುಟ ಬರೆದಿಡಬೇಕು ಎಂಬ ಎರಡೇ ಆಸೆಗಳಿಂದ ಒಂದು ಲ್ಯಾಪ್‌ಟಾಪ್ ಕೊಂಡಳು. ತಿಂಗಳು ಕಳೆಯುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ತಲೆಯೆತ್ತಿ, "ನಿಮ್ಮ ಯಂತ್ರ ಅಪಾಯದಲ್ಲಿದೆ" ಎಂದು ಇಂಗ್ಲಿಷಿನಲ್ಲಿ ಬೆದರಿಸಿತು. ಅದು ಯಂತ್ರದ ಧ್ವನಿಯೆಂದೇ ಅವಳು ತಿಳಿದಳು. ಜ್ವರ ಬಂದ ಮಗು ತಾನೇ ಅಳುತ್ತದಲ್ಲ, ಹಾಗೆ. ಹೆದರಿ ಬ್ಯಾಂಕಿನ ಕಾರ್ಡಿನ ಸಂಖ್ಯೆ ಒತ್ತಿದಳು. ಪಿಂಚಣಿಯಿಂದ ಸಾವಿರದ ಚಿಲ್ಲರೆ ರೂಪಾಯಿ ಹೋಯಿತು. ಮಾರನೆಯ ವರ್ಷ, ಯಾರೂ ಏನೂ ಒತ್ತದೆಯೇ, ಮತ್ತೊಮ್ಮೆ ಹೋಯಿತು. ಮಾತಾಡಿದ್ದು ಯಂತ್ರವಲ್ಲ, ಯಂತ್ರ ತಯಾರಿಸಿದವನಿಗೆ ಕಾಸು ಕೊಟ್ಟು ಒಳಗೆ ಕುಳಿತಿದ್ದ ಇನ್ನೊಬ್ಬ ವ್ಯಾಪಾರಿ. ವಿಂಡೋಸಿನಲ್ಲಿ ವೈರಸ್ ತಡೆಯುವ ಏರ್ಪಾಡು ಬಿಟ್ಟಿಯಾಗಿಯೇ ಇದೆ ಎಂಬುದನ್ನು ಅವಳಿಗೆ ಹೇಳುವವರು ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ. ಹೇಳಬೇಕಾದ ಅಣುಗತಮ್ಮ ನಾನು, ನಾನೂ ಹೇಳಿರಲಿಲ್ಲ. ಈ ಲೇಖನದ ಖಾರಕ್ಕೆ ಅರ್ಧ ಕಾರಣ ಆ ನಾಚಿಕೆ.

ಈ ಬಿಡಾರದ ವ್ಯವಹಾರ ಏನೆಂದು ತಿಳಿಯೋಣ. ಲ್ಯಾಪ್‌ಟಾಪ್ ಮಾರಾಟದಲ್ಲಿ ಲಾಭದ ಅಂಚು ತೆಳು. ಆದ್ದರಿಂದ ತಯಾರಕರು ಬೇರೆ ಬೇರೆ ಕಂಪೆನಿಗಳಿಂದ ಹಣ ಪಡೆದು ಅವರ ಸರಕನ್ನು ಮೊದಲೇ ತುಂಬಿ ಕಳುಹಿಸುತ್ತಾರೆ: ಒಂದು ತಿಂಗಳ ಪರೀಕ್ಷಾರ್ಥ ವೈರಸ್ ನಿರೋಧಕ, ಯಾರೂ ಆಡದ ಆಟಗಳು, ಅಂಗಡಿಗಳಿಗೆ ಕರೆದೊಯ್ಯುವ ಗುಂಡಿಗಳು. ಯಂತ್ರ ನಮ್ಮದು, ವಿದ್ಯುತ್ತು ನಮ್ಮದು, ಕಾಯುವ ಹೊತ್ತು ನಮ್ಮದು. ಬಾಡಿಗೆ ಮಾತ್ರ ಅವರಿಗೆ. 2008ರಲ್ಲಿ ಸೋನಿ ಕಂಪೆನಿ ಇದಕ್ಕೊಂದು ಕಳಶವನ್ನೇ ಇಟ್ಟಿತು. ತನ್ನ ಒಂದು ಮಾದರಿಯ ಲ್ಯಾಪ್‌ಟಾಪನ್ನು ಈ ಕಸವಿಲ್ಲದೆ ಕೊಡುವುದಕ್ಕೆ 50 ಡಾಲರಿನಷ್ಟು ಹೆಚ್ಚಿಗೆ ಕೇಳಿತು. ಕಸ ಚೆಲ್ಲಿದವನೇ ಗುಡಿಸಲು ಕೂಲಿ ಕೇಳಿದಂತಾಯಿತು! ಗ್ರಾಹಕರು ಛೀಮಾರಿ ಹಾಕಿದ ಮೇಲೆ ಆ ಶುಲ್ಕವನ್ನು ಕೂಡಲೇ ಕೈಬಿಟ್ಟರು. ಶುಲ್ಕ ಹೋಯಿತು; ಕಸದ ಪದ್ಧತಿ ಹೋಗಲಿಲ್ಲ.

"ಕಸವಾದರೇನು, ಒಂದೊಂದಾಗಿ ತೆಗೆದುಹಾಕಿದರಾಯಿತಲ್ಲ, ಮನೆಯನ್ನೇ ಏಕೆ ಕೆಡವಬೇಕು?" ಎಂಬುದು ಮಿತ್ರರ ಮೊದಲನೆಯ ಆಕ್ಷೇಪ. ಕೇಳಲು ಸೊಗಸಾಗಿದೆ. ಇದಕ್ಕೆ ಉತ್ತರವನ್ನು ಇತಿಹಾಸವೇ ಕೊಟ್ಟಿದೆ. 2014ರ ಉತ್ತರಾರ್ಧದಲ್ಲಿ ಲೆನೋವೋ ಕಂಪೆನಿ ತನ್ನ ಹಲವು ಮಾದರಿಗಳಲ್ಲಿ ಸೂಪರ್‌ಫಿಶ್ ಎಂಬ ಸಂಸ್ಥೆಯ ತಂತ್ರಾಂಶವೊಂದನ್ನು ತುಂಬಿ ಮಾರಿತು. ನಾವು ನೋಡುವ ಪುಟಗಳ ನಡುವೆ ಜಾಹೀರಾತು ತೂರಿಸುವುದು ಅದರ ಉದ್ಯೋಗ. ಬೀಗ ಹಾಕಿದ ಪುಟಗಳಲ್ಲೂ, ಎಂದರೆ ಬ್ಯಾಂಕಿನಂಥ ಪುಟಗಳಲ್ಲೂ ಕೈಯಾಡಿಸುವುದಕ್ಕಾಗಿ, ಅದು ಯಂತ್ರ ಕಣ್ಣುಮುಚ್ಚಿ ನಂಬುವ ಮೂಲ ಪ್ರಮಾಣಪತ್ರಗಳ ಸಾಲಿನಲ್ಲಿ ತನ್ನದೊಂದು ಪತ್ರವನ್ನು ಸೇರಿಸಿತು. ಅದರ ಗುಟ್ಟಿನ ಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ. ಊರಿನ ಎಲ್ಲ ಮನೆಗಳಿಗೂ ಒಂದೇ ಬೀಗದ ಕೈ ಮಾಡಿಸಿ ಪ್ರತಿಯೊಂದು ಬಾಗಿಲಿನ ಚಿಲಕಕ್ಕೂ ಒಂದೊಂದು ನೇತುಹಾಕಿದ ಹಾಗೆ! 2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. ಆಗ ಕಂಡುಬಂದ ಇನ್ನೊಂದು ಸಂಗತಿಯೇ ನನ್ನ ಮಿತ್ರರಿಗೆ ಉತ್ತರ: ಆ ತಂತ್ರಾಂಶವನ್ನು ಎಲ್ಲರಂತೆ ತೆಗೆದುಹಾಕಿದರೂ ಆ ಪ್ರಮಾಣಪತ್ರ ಹೋಗುತ್ತಿರಲಿಲ್ಲ. ಕಳ್ಳ ಹೋದ, ಅವನು ಕೊರೆದ ಕನ್ನ ಹಾಗೆಯೇ ಉಳಿಯಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನೂ 32 ರಾಜ್ಯಗಳೂ ಕಂಪೆನಿಯೊಡನೆ ರಾಜಿ ಮಾಡಿಕೊಂಡವು. ರಾಜ್ಯಗಳಿಗೆ 35 ಲಕ್ಷ ಡಾಲರ್ ತೆತ್ತದ್ದಾಯಿತು. ಅದೇ 2015ರ ನವೆಂಬರಿನಲ್ಲಿ ಡೆಲ್ ಕಂಪೆನಿಯ ಯಂತ್ರಗಳಲ್ಲೂ ಇಂಥದೇ ಪ್ರಮಾಣಪತ್ರ ಸಿಕ್ಕಿತು. ಅದನ್ನಂತೂ ಅಳಿಸಿದರೂ ಜೊತೆಗಿದ್ದ ಇನ್ನೊಂದು ಕಡತ ಮತ್ತೆ ತಂದು ಕೂರಿಸುತ್ತಿತ್ತು. ಆ ಕಂಪೆನಿಯೂ ಕ್ಷಮೆ ಕೇಳಿತು. ಹೆಸರುವಾಸಿಯಾದವರ ಮನೆಯಲ್ಲೇ ಹೀಗಾದ ಮೇಲೆ, ಒಂದೊಂದಾಗಿ ಹೆಕ್ಕುತ್ತೇನೆಂಬ ಧೈರ್ಯ ಯಾವ ಆಧಾರದ ಮೇಲೆ?

ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಇದು ಗ್ರಂಥಸಂಪಾದನೆಯ ಪ್ರಶ್ನೆ. ಪ್ರತಿಕಾರರು ನಡುವೆ ತಮ್ಮ ಪದ್ಯಗಳನ್ನು ಸೇರಿಸಿದ ಓಲೆ ಕೈಗೆ ಬಂದಾಗ ಸಂಪಾದಕನಾದವನು ಪ್ರಕ್ಷಿಪ್ತಗಳನ್ನು ಊಹೆಯಿಂದ ಹೊಡೆದುಹಾಕುತ್ತ ಕೂರುವುದಿಲ್ಲ. ಮೂಲಕ್ಕೆ ಹತ್ತಿರವಾದ ಪ್ರತಿ ಸಿಕ್ಕುವುದೇ ಎಂದು ಹುಡುಕುತ್ತಾನೆ. ಹಳೆಗನ್ನಡದ ಸಂಪಾದಕನಿಗೆ ಕವಿಯ ಸ್ವಹಸ್ತಪ್ರತಿ ಸಿಕ್ಕುವುದು ಕನಸು. ಇಲ್ಲಿ ಹಾಗಲ್ಲ. ಮೈಕ್ರೋಸಾಫ್ಟಿನವರೇ ವಿಂಡೋಸಿನ ಮೂಲಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಲು ಬಿಟ್ಟಿದ್ದಾರೆ. ಮೂಲವೇ ಕೈಗೆಟಕುವಾಗ ಪ್ರಕ್ಷಿಪ್ತದೊಡನೆ ಏಕೆ ಬಾಳಬೇಕು?

ಎರಡನೆಯ ಆಕ್ಷೇಪ: "ಅಳಿಸಿದರೆ ಕೊಟ್ಟ ಹಣವೂ ಲೈಸೆನ್ಸೂ ಹೋಗುವುದಿಲ್ಲವೆ?" ಇಲ್ಲ. ವಿಂಡೋಸ್ 8ರ ಕಾಲದಿಂದ ಈಚೆಗೆ ಲೈಸೆನ್ಸಿನ ಕೀಲಿಯನ್ನು ತಯಾರಕರು ಯಂತ್ರದ ಮೂಲ ಫರ್ಮ್‌ವೇರಿನಲ್ಲಿಯೇ ಕೆತ್ತಿರುತ್ತಾರೆ. ಅದೇ ಆವೃತ್ತಿಯನ್ನು ಮತ್ತೆ ಸ್ಥಾಪಿಸಿ ಇಂಟರ್‌ನೆಟ್ ಸೇರಿಸಿದರೆ ಅದು ತಾನಾಗಿ ಗುರುತು ಹಿಡಿಯುತ್ತದೆ. ವಾರಂಟಿಯ ಭಯವೂ ಬೇಡ. ನಾನು ಓದಿದ ವಾರಂಟಿ ಪತ್ರಗಳು ಯಂತ್ರದ ಭಾಗಗಳಿಗೆ ಹೊಣೆ ಹೊರುತ್ತವೆ, ಒಳಗಿನ ತಂತ್ರಾಂಶಕ್ಕಲ್ಲ. ನಿಮ್ಮ ಪತ್ರವನ್ನು ನೀವೂ ಒಮ್ಮೆ ಓದಿಕೊಳ್ಳಿ. ಓದುವುದರಿಂದ ಯಾರ ಗಂಟೂ ಹೋಗುವುದಿಲ್ಲ.

ಮೂರನೆಯದು: "ಇದೆಲ್ಲ ಎಂಜಿನಿಯರುಗಳ ಕೆಲಸ." ಪಂಪನನ್ನು ಓದಿಸುವ ನಾನು ಮಾಡಿದ್ದೇನೆಂಬುದೇ ಇದಕ್ಕೆ ಸಾಕಾದ ಖಂಡನೆ. 8 ಜಿಬಿಯ ಒಂದು ಪೆನ್ ಡ್ರೈವ್ ಬೇಕು; ಅದರಲ್ಲಿದ್ದುದೆಲ್ಲ ಅಳಿಸಿಹೋಗುವುದರಿಂದ ಖಾಲಿಯದು ಮೇಲು. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಎಂಬ ಸಾಧನ ಅದರಲ್ಲಿ ಪ್ರತಿಯನ್ನು ಸಿದ್ಧಪಡಿಸುತ್ತದೆ. ತಯಾರಕರ ತಾಣದಿಂದ ವೈಫೈ ಡ್ರೈವರನ್ನೂ, ಇಂಟೆಲ್ ಯಂತ್ರವಾದರೆ ಡಿಸ್ಕಿನ ಡ್ರೈವರನ್ನೂ ಇಳಿಸಿ ಅದೇ ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಿ; ಇಲ್ಲವಾದರೆ ನಡುವೆ ಡಿಸ್ಕೇ ಕಾಣದೆ, ಅಥವಾ ಇಂಟರ್‌ನೆಟ್ ಸಿಕ್ಕದೆ, ನನ್ನಂತೆ ತಲೆಯ ಮೇಲೆ ಕೈಹೊತ್ತು ಕೂರಬೇಕಾದೀತು. ಯಂತ್ರದೊಡನೆ ಆಫೀಸ್ ತಂತ್ರಾಂಶ ಬಂದಿದ್ದರೆ ಮೊದಲು ಅದನ್ನು ನಿಮ್ಮ ಖಾತೆಗೆ ಸೇರಿಸಿಕೊಳ್ಳಿ. ಆಮೇಲೆ ಯಂತ್ರ ಎದ್ದೇಳುವಾಗ ಎಫ್12 ಅಥವಾ ಕಂಪೆನಿಗೆ ತಕ್ಕ ಬೇರೊಂದು ಕೀಲಿಯನ್ನೊತ್ತಿ ಪೆನ್ ಡ್ರೈವಿನಿಂದ ಹೊರಡಿಸಿ, ಡಿಸ್ಕಿನ ಹಳೆಯ ಭಾಗಗಳನ್ನೆಲ್ಲ ಅಳಿಸಿ, ಖಾಲಿ ಜಾಗವನ್ನು ತೋರಿಸಿ ಮುಂದೆ ಒತ್ತಿದರೆ ಉಳಿದುದನ್ನು ಅದೇ ಮಾಡುತ್ತದೆ. ನನಗೆ ಹಿಡಿದದ್ದು ಒಂದು ಸಂಜೆ. ಎರಡನೆಯ ಸಲ ಒಂದೇ ಗಂಟೆ. ಈ ಕೆಲಸ ಮೊದಲ ದಿನವೇ ಆಗಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ದಿನ ಅಳಿಸಿದರೆ ಕಳೆದುಕೊಳ್ಳಲು ನಿಮ್ಮದೇನೂ ಅದರಲ್ಲಿ ಇರುವುದಿಲ್ಲ. ಆರು ತಿಂಗಳ ಮೇಲೆ ಅಳಿಸಿದರೆ ಮಗಳ ಮದುವೆಯ ಚಿತ್ರಗಳೂ ಹೋದಾವು.

ಅರ್ಥಶಾಸ್ತ್ರದವರ ಕಡೆಯ ಬಾಣ ಅವರ ಶಾಸ್ತ್ರದ್ದೇ: "ಆ ಕಸ ಇರುವುದರಿಂದಲೇ ನಿಮಗೆ ಯಂತ್ರ ಅಗ್ಗವಾಗಿ ಸಿಕ್ಕಿತು." ಇರಬಹುದು. ಹಾಗಾದರೆ ಅದನ್ನು ಬಿಲ್ಲಿನಲ್ಲಿ ಬರೆಯಲಿ: ಕಸವಿಲ್ಲದ ಯಂತ್ರಕ್ಕೆ ಇಷ್ಟು, ಕಸಸಹಿತವಾದುದಕ್ಕೆ ಇಷ್ಟು. ಕೊಳ್ಳುವವನು ಆರಿಸಿಕೊಳ್ಳಲಿ. ತೂಕದ ಕಲ್ಲನ್ನು ಮುಚ್ಚಿಟ್ಟು, ಅಗ್ಗಕ್ಕೆ ಕೊಟ್ಟೆ ಎನ್ನುವ ಅಂಗಡಿಯವನನ್ನು ನಮ್ಮ ಸಂತೆಯಲ್ಲಿ ಯಾರೂ ನಂಬುವುದಿಲ್ಲ. ಮೇಲಾಗಿ, ಆ ರಿಯಾಯಿತಿಯ ಹಣವನ್ನು ನನ್ನ ಅಕ್ಕ ಎರಡು ವರ್ಷ ಪಿಂಚಣಿಯಿಂದ ಕಟ್ಟಿದ್ದಾಳೆ. ಅಗ್ಗ ಯಾರಿಗೆ?

ನನ್ನ ಪಕ್ಷದಲ್ಲಿ ದೋಷಗಳೇ ಇಲ್ಲವೆನ್ನಲಾರೆ. ಮೂಲಪ್ರತಿಯ ವಿಂಡೋಸ್ ಕೂಡ ಗಂಗಾಜಲವಲ್ಲ. ಅದನ್ನು ಮಾಡಿದವರೂ ತಮ್ಮ ಸರಕಿನ ಕಡೆ ಕೈಹಿಡಿದು ಎಳೆಯುತ್ತಾರೆ, ಖಾತೆ ತೆರೆಯೆಂದು ಪೀಡಿಸುತ್ತಾರೆ. ಡಿಸ್ಕನ್ನು ಪೂರ್ತಿ ಅಳಿಸಿದರೆ ತಯಾರಕರು ಇಟ್ಟ ಮರುಸ್ಥಾಪನೆಯ ಭಾಗವೂ ಹೋಗುತ್ತದೆ. ಬೇಕೆನ್ನುವವರು ಮೊದಲೇ ಬೇರೊಂದು ಡ್ರೈವಿನಲ್ಲಿ ನಕಲು ಮಾಡಿಕೊಳ್ಳಬೇಕು. ತೊಳೆದರೂ ಹೋಗದ ಕರೆಯೂ ಉಂಟು. ಫರ್ಮ್‌ವೇರಿನಲ್ಲಿಯೇ ಅಡಗಿ ಕುಳಿತು, ಶುದ್ಧವಾಗಿ ಸ್ಥಾಪಿಸಿದ ವಿಂಡೋಸಿನೊಳಕ್ಕೂ ಕಂಪೆನಿಯ ತಂತ್ರಾಂಶವನ್ನು ಮತ್ತೆ ನುಗ್ಗಿಸುವ ಏರ್ಪಾಡು ಲೆನೋವೋದ ಕೆಲವು ಯಂತ್ರಗಳಲ್ಲಿ ಇದ್ದದ್ದು 2015ರಲ್ಲಿಯೇ ಹೊರಬಿದ್ದು, ಅವರು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದರೆ ಪಾತ್ರೆಯಲ್ಲಿ ಒಂದು ಕಲೆ ಉಳಿದೀತೆಂದು ಪಾತ್ರೆಯನ್ನೇ ತೊಳೆಯದಿರುವುದು ಯಾವ ನ್ಯಾಯ?

ಕನ್ನಡದವನಾಗಿ ಇನ್ನೊಂದು ಮಾತನ್ನು ಆಡಲೇಬೇಕು. ಆಟಗಳಿಗೂ ಅಂಗಡಿಗಳಿಗೂ ಜಾಗ ಮಾಡಿಕೊಟ್ಟ ಈ ಯಂತ್ರಗಳಲ್ಲಿ, ಕೆ. ಪಿ. ರಾವ್ ಅವರು ರೂಪಿಸಿದ, ನಮ್ಮ ರಾಜ್ಯ ಸರ್ಕಾರ ಒಪ್ಪಿಕೊಂಡ ಕನ್ನಡದ ಕೀಲಿಮಣೆಯ ವಿನ್ಯಾಸಕ್ಕೆ ಜಾಗವಿಲ್ಲ. ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ಇದೆ, 2019ರಿಂದ ಉಚ್ಚಾರಣೆಯನ್ನನುಸರಿಸುವ ಇನ್ನೊಂದು ವಿನ್ಯಾಸವೂ ಇದೆ. ನುಡಿಯ ವಿನ್ಯಾಸ ಬೇಕಾದವರು ಹೊರಗಿನಿಂದಲೇ ತಂದುಕೊಳ್ಳಬೇಕು. ಯಾರ ಒಡೆತನಕ್ಕೂ ಸೇರದ ಲಿನಕ್ಸಿನಲ್ಲಾದರೋ ಕಗಪ ಎಂಬ ಹೆಸರಿನಿಂದ ಅದು ಜೊತೆಗೇ ಬರುತ್ತದೆ. ನೆರೆಯ ಕೇರಳದ ಶಾಲೆಗಳು ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿ ವರ್ಷಗಟ್ಟಲೆ ಪಾಠ ನಡೆಸಿವೆ. ಹೇಗೂ ಪಾತ್ರೆಯನ್ನು ತೊಳೆಯುವವರು, ಅದರಲ್ಲಿ ಏನನ್ನು ಬೇಯಿಸಬೇಕೆಂದೂ ಒಮ್ಮೆ ಯೋಚಿಸಬಹುದಲ್ಲ?

ಸರ್ಕಾರಗಳು ವಿದ್ಯಾರ್ಥಿಗಳಿಗಾಗಿ ಸಾವಿರಗಟ್ಟಲೆ ಲ್ಯಾಪ್‌ಟಾಪ್ ಕೊಳ್ಳುವಾಗ, ಬೇರೆಯವರ ಸರಕಿಲ್ಲದ ಶುದ್ಧ ಯಂತ್ರವೇ ಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಬರೆಯಲಿ. ಅಂಗಡಿಯಲ್ಲಿ ನಿಂತ ನಾವೂ ಅದನ್ನೇ ಕೇಳೋಣ. ಹತ್ತು ಜನ ಕೇಳಿದರೆ ನಕ್ಕಾರು. ಹತ್ತು ಸಾವಿರ ಜನ ಕೇಳಿದರೆ ಕೊಟ್ಟಾರು. ಅಲ್ಲಿಯವರೆಗೆ ಪೆನ್ ಡ್ರೈವೇ ನಮ್ಮ ಹುಣಿಸೆಹಣ್ಣು.

ಕಳೆದ ತಿಂಗಳು ಅಕ್ಕನ ಯಂತ್ರವನ್ನು ತೊಳೆದುಕೊಟ್ಟೆ; ಬ್ಯಾಂಕಿಗೆ ಹೇಳಿ ಆ ವಾರ್ಷಿಕ ಕಡಿತವನ್ನೂ ನಿಲ್ಲಿಸಿದ್ದಾಯಿತು. ಎರಡು ದಿನ ಬಿಟ್ಟು ಫೋನು ಮಾಡಿ, "ಏನೋ, ಇದು ಈಗ ಏನೂ ಮಾತೇ ಆಡುವುದಿಲ್ಲವಲ್ಲ, ಕೆಟ್ಟಿದೆಯೆ?" ಎಂದು ಕೇಳಿದಳು. ಕೆಟ್ಟಿಲ್ಲ ಅಕ್ಕಾ, ಇನ್ನು ಮಾತಾಡಬೇಕಾದವಳು ನೀನು, ಎಂದೆ. ಅವಳ ಶಾಲೆಯ ನೆನಪುಗಳು ಈಗ ಹನ್ನೊಂದನೆಯ ಪುಟದಲ್ಲಿವೆ.