ಎಲ್ಲದಕ್ಕೂ ‘ಕೇಯಾಸ್’ ಎಂದರೆ ಹೊಣೆ ಯಾರದು?

ಬಸ್ ನಿಲ್ದಾಣದಲ್ಲಿ ನೂಕುನುಗ್ಗಲಾದರೆ ‘ಕೇಯಾಸ್’. ಹಾಸ್ಟೆಲ್ ಕೋಣೆ ಚೆಲ್ಲಾಪಿಲ್ಲಿಯಾಗಿದ್ದರೆ ‘ಕೇಯಾಸ್’. ನೇಮಕಾತಿ ಪರೀಕ್ಷೆ ಮುಂದಕ್ಕೆ ಹೋದರೂ ‘ಕೇಯಾಸ್’. ಯುವಜನರ ಮಾತಿನಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಈ ಇಂಗ್ಲಿಷ್ ಪದ ಹೀಗೆ ಎಲ್ಲೆಡೆ ನುಗ್ಗಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ‘ಗೊಂದಲ’ ಎಂದು ಅರ್ಥ ಬರೆದುಕೊಂಡು ಮುಂದೆ ಹೋಗುತ್ತಾರೆ. ಆದರೆ ಈ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದು ಬರೀ ವ್ಯಾಕರಣದ ಪ್ರಶ್ನೆಯಲ್ಲ.

ಮೊದಲು ಉಚ್ಚಾರಣೆ. ಸ್ಪೆಲ್ಲಿಂಗ್ ನೋಡಿ ‘ಚಾವೋಸ್’ ಎನ್ನುವವರಿದ್ದಾರೆ. ಗ್ರೀಕ್ ಮೂಲದ ಪದವಾದ್ದರಿಂದ ‘ಕೆಮಿಸ್ಟ್ರಿ’ಯಂತೆ ಇಲ್ಲೂ ಮೊದಲು ಕೇಳುವುದು ‘ಕ’ಕಾರವೇ. ಸಾಮಾನ್ಯವಾಗಿ ಇದಕ್ಕೆ ಬಹುವಚನವಿಲ್ಲ. ಪ್ರಾಚೀನ ಗ್ರೀಕರಿಗೆ ಇದು ಸೃಷ್ಟಿಗೂ ಮೊದಲಿದ್ದ, ಬಾಯ್ದೆರೆದ ಶೂನ್ಯ. 17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಇದೇ ಪದದಿಂದ ‘ಗ್ಯಾಸ್’ ಎಂಬ ಹೊಸ ಪದ ಕಟ್ಟಿದರು. ನಮ್ಮ ಅಡುಗೆಮನೆಯ ಗ್ಯಾಸ್ ಕೂಡ ಕೇಯಾಸ್‌ನ ಸಂಬಂಧಿಯೇ!

ವಿಜ್ಞಾನದಲ್ಲಿ ಅದರ ಅರ್ಥ ಇನ್ನೂ ಖಚಿತ. 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರಿಗೆ 0.506127 ಎಂಬ ಸಂಖ್ಯೆಯ ಬದಲು 0.506 ಎಂದಷ್ಟೇ ಕೊಟ್ಟರು. ಅಷ್ಟು ಸಣ್ಣ ವ್ಯತ್ಯಾಸದಿಂದ ಮುಂದಿನ ಲೆಕ್ಕವೆಲ್ಲ ಬೇರೆ ದಾರಿ ಹಿಡಿಯಿತು. ನಿಯಮವಿದೆ, ಆದರೂ ದೂರದ ಫಲವನ್ನು ಮೊದಲೇ ಹೇಳಲಾಗದು. ಇದು ಕೇಯಾಸ್. ಮೋಡ ದಾರಿ ಬದಲಿಸಿದ್ದಕ್ಕೆ ಯಾರನ್ನೂ ದೂರಲಾಗದು.

ಕನ್ನಡದಲ್ಲಿ ಇಂಥ ಸ್ಥಿತಿಗಳಿಗೆ ಬೇರೆ ಬೇರೆ ಪದಗಳಿವೆ. ನಮ್ಮ ಹಾವೇರಿ ಕಡೆಯ ವಾರದ ಸಂತೆಯಲ್ಲಿ ಕಿವಿಗಡಚಿಕ್ಕುವ ಗದ್ದಲವಿರುತ್ತದೆ. ಆದರೂ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ, ಬಳೆ ಎಲ್ಲಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಗದ್ದಲವೇ ಹೊರತು ಅವ್ಯವಸ್ಥೆಯಲ್ಲ. ‘ಗೊಂದಲ’ ಎಂಬ ಪದಕ್ಕೂ ಉತ್ತರ ಕರ್ನಾಟಕದಲ್ಲಿ ಇನ್ನೊಂದು ಅರ್ಥವಿದೆ. ಗೊಂದಲಿಗರು ಅಂಬಾಭವಾನಿಯ ಹೆಸರಿನಲ್ಲಿ ನಡೆಸುವ ಹಾಡು, ಕಥೆ, ವಾದ್ಯಗಳ ಸೇವೆಯೂ ಗೊಂದಲವೇ. ಅದಕ್ಕೂ ಒಂದು ಕ್ರಮವಿದೆ.

ಈಗ ನಮ್ಮ ಭವಿಷ್ಯದ ವಿಷಯಕ್ಕೆ ಬರೋಣ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದವು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅದೇ ವರ್ಷ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ತಪ್ಪಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ದೋಷಗಳ ದೂರು ಕೇಳಿಬಂತು. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಓದಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯುವುದರಲ್ಲೇ ಕಳೆಯಿತು.

ಇವೆಲ್ಲವನ್ನೂ ‘ಪರೀಕ್ಷಾ ಗೊಂದಲ’, ‘ಎಕ್ಸಾಂ ಕೇಯಾಸ್’ ಎಂದು ಒಂದೇ ಗೋಣಿಚೀಲಕ್ಕೆ ತುಂಬಿದರೆ, ಆದದ್ದು ಮಳೆ-ಗಾಳಿಯಂತೆ ತಾನಾಗಿಯೇ ಆಯಿತು ಎಂದು ಒಪ್ಪಿಕೊಂಡಂತೆ. ಅನುವಾದವನ್ನು ಪರಿಶೀಲಿಸದಿರುವುದು ಕೇಯಾಸ್ ಅಲ್ಲ, ನಿರ್ಲಕ್ಷ್ಯ. ಹಣ ಕೊಟ್ಟು ಉತ್ತರ ತುಂಬಿಸುವುದು ಗೊಂದಲವಲ್ಲ, ಅಪರಾಧ. ‘ಅವ್ಯವಸ್ಥೆ’ ಎಂದು ಸರಿಯಾಗಿ ಹೆಸರಿಟ್ಟಾಗ, ವ್ಯವಸ್ಥೆ ಮಾಡಬೇಕಾದವರು ಯಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಗೆಳೆಯರ ನಡುವೆ ತಮಾಷೆಗೆ ಯಾವ ಪದ ಬಳಸಿದರೂ ನಷ್ಟವಿಲ್ಲ. ಆದರೆ ಮನವಿ ಪತ್ರ ಬರೆಯುವಾಗ, ಪ್ರತಿಭಟನೆಯ ಫಲಕ ಹಿಡಿಯುವಾಗ, ಸಂದರ್ಶನದಲ್ಲಿ ಉತ್ತರಿಸುವಾಗ ಒಂದು ಕ್ಷಣ ಯೋಚಿಸೋಣ: ಇದನ್ನು ಯಾರಾದರೂ ತಡೆಯಬಹುದಿತ್ತೇ? ಹೌದು ಎಂದಾದರೆ ಅದು ಕೇಯಾಸ್ ಅಲ್ಲ. ಅದಕ್ಕೆ ಅದರ ನಿಜವಾದ ಹೆಸರನ್ನೇ ಇಟ್ಟು ಕರೆಯೋಣ.

– ಬಿಇ ವಿದ್ಯಾರ್ಥಿ, ಹಿರೇಬೆಂಡಿಗೇರಿ, ಶಿಗ್ಗಾವಿ ತಾಲ್ಲೂಕು