ಉತ್ತರವಿದೆ, ಸನದ್ ಎಲ್ಲಿದೆ?

ಇಮಾಮ್ ಬುಖಾರಿಯವರು (ಮರಣ ಕ್ರಿ.ಶ. 870) ಹದೀಸ್‌ಗಳನ್ನು ಅರಸುತ್ತಾ ಬುಖಾರಾದಿಂದ ಹೊರಟು ಮಕ್ಕಾ, ಬಸರಾ, ಕೂಫಾ, ಬಗ್ದಾದ್‌ಗಳಲ್ಲಿ ಅಲೆದರು. ಇಂದು ಅವರ ‘ಸಹೀಹ್’ ನಮ್ಮ ಮಕ್ಕಳ ಮೊಬೈಲ್‌ನಲ್ಲಿದೆ. ‘ಅಲ್ ಮಕ್ತಬತುಶ್ಶಾಮಿಲ’ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಸಾವಿರಾರು ಅರಬಿ ಗ್ರಂಥಗಳನ್ನು ಕ್ಷಣಾರ್ಧದಲ್ಲಿ ಶೋಧಿಸಬಹುದು. ದೊಡ್ಡ ಮದ್ರಸಗಳ ಕಪಾಟುಗಳಲ್ಲಷ್ಟೇ ಇದ್ದ ಸಂಪತ್ತು ಹಳ್ಳಿಯ ಉಸ್ತಾದರ ಕೈಗೂ ಬಂದಿರುವುದು ಅಲ್ಲಾಹನ ಅನುಗ್ರಹವೇ ಸರಿ. ಇದನ್ನು ಶಂಕೆಯಿಂದ ನೋಡುವವರ ಜೊತೆ ನಾವಿಲ್ಲ.

ಆದರೆ ಕೃತಕ ಬುದ್ಧಿಮತ್ತೆಯ ವಿಷಯ ಬೇರೆ. ಗ್ರಂಥಾಲಯವು ಇರುವ ಪುಟವನ್ನು ತೋರಿಸುತ್ತದೆ. ಚಾಟ್‌ಬಾಟ್ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕುತ್ತಾ ವಾಕ್ಯ ಹೆಣೆಯುತ್ತದೆ. ಆದ್ದರಿಂದಲೇ ಎಲ್ಲೂ ಇಲ್ಲದ ಹದೀಸನ್ನು, ಕ್ರಮಸಂಖ್ಯೆಯ ಸಹಿತ, ಯಾವ ಅಳುಕೂ ಇಲ್ಲದೆ ಹೇಳಬಲ್ಲದು. (ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದಕ್ಕೆ ಮುಂಚೆಯೂ ಕಲ್ಪಿತ ಹದೀಸ್‌ಗಳಿಗೆ ಬರವಿರಲಿಲ್ಲವೆನ್ನಿ!)

ನಮ್ಮ ಪೂರ್ವಿಕ ವಿದ್ವಾಂಸರು ಮಾತನ್ನು ಒಪ್ಪುವ ಮೊದಲು ಸನದ್ ಕೇಳುತ್ತಿದ್ದರು: ಇದನ್ನು ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು? ವರದಿಗಾರರ ಸ್ಮರಣಶಕ್ತಿ, ಪ್ರಾಮಾಣಿಕತೆಗಳನ್ನು ತೂಗಿ ನೋಡಲೆಂದೇ ಇಬ್ನು ಹಜರ್‌ರವರ ‘ತಹ್ಝೀಬುತ್ತಹ್ಝೀಬ್’ನಂತಹ ಬೃಹತ್ ಗ್ರಂಥಗಳು ರಚನೆಗೊಂಡವು. ಯಂತ್ರಕ್ಕೆ ಅಂತಹ ಚರಿತ್ರೆಯಿಲ್ಲ. ತನ್ನ ತಪ್ಪಿಗೆ ಅದು ಪರಲೋಕದಲ್ಲಿ ಉತ್ತರಿಸಬೇಕಾಗಿಯೂ ಇಲ್ಲ. ಉತ್ತರಿಸಬೇಕಾದವರು ಅದನ್ನು ಹಂಚಿದ ನಾವು.

ಮಗಳು ಮೊಬೈಲ್ ನೋಡಿ ಹದೀಸ್ ಓದಿದರೆ ಗದರಿಸುವುದು ಬೇಡ. ಅದೇ ಮೊಬೈಲ್‌ನಲ್ಲಿ ಮೂಲಗ್ರಂಥವನ್ನು ತೆರೆಸಿ, ಅಧ್ಯಾಯವನ್ನೂ ವರದಿಗಾರರ ಹೆಸರನ್ನೂ ಜೊತೆಯಲ್ಲೇ ಕುಳಿತು ಹುಡುಕೋಣ. ಸಿಗದಿದ್ದರೆ, ಉಸ್ತಾದರಲ್ಲಿ ಕೇಳಿ ತಿಳಿಯುವವರೆಗೆ ಅದನ್ನು ಯಾರಿಗೂ ಕಳುಹಿಸದಿರೋಣ.